ಗಾಲ್ಫ್ ಕಾರ್ಟ್ ಕೆಟ್ಟು ನಿಂತಾಗ: ದೋಷ ಹುಡುಕುವ ಕ್ರಮ

ಗಾಲ್ಫ್ ಆಟಗಾರರನ್ನೂ ಅವರ ಚೀಲಗಳನ್ನೂ ಮೈದಾನದ ಒಂದು ತುದಿಯಿಂದ ಇನ್ನೊಂದು ತುದಿಗೆ ಸಾಗಿಸಲೆಂದು ರೂಪುಗೊಂಡ ಬ್ಯಾಟರಿ ಗಾಡಿ ಈಗ ಆ ಮೈದಾನಕ್ಕಷ್ಟೇ ಸೀಮಿತವಾಗಿ ಉಳಿದಿಲ್ಲ. ಹಂಪಿಯ ವಿಜಯ ವಿಠ್ಠಲ ದೇವಸ್ಥಾನದ ದಾರಿಯಲ್ಲಿ, ಮೈಸೂರಿನ ಮೃಗಾಲಯದಲ್ಲಿ, ಬೆಂಗಳೂರಿನ ಲಾಲ್‌ಬಾಗಿನಲ್ಲಿ, ರೆಸಾರ್ಟು, ಆಸ್ಪತ್ರೆ, ಕಾಲೇಜುಗಳ ಆವರಣಗಳಲ್ಲಿ ಓಡಾಡುವ ಬಗ್ಗಿಗಳು ಬಹುಮಟ್ಟಿಗೆ ಇದೇ ಕುಲಕ್ಕೆ ಸೇರಿದವು. ಇವು ಕೆಟ್ಟು ನಿಂತಾಗ ನೋಡಲು ಬರುವವರು ಕಾರಿನ ಮೆಕ್ಯಾನಿಕ್ ಆಗಿರಬಹುದು, ಕಟ್ಟಡದ ವೈರಿಂಗ್ ನೋಡಿಕೊಳ್ಳುವ ಎಲೆಕ್ಟ್ರಿಷಿಯನ್ ಆಗಿರಬಹುದು; ಇಬ್ಬರಿಗೂ ಈ ಗಾಡಿಯ ಒಳವಿನ್ಯಾಸ ಅರ್ಧ ಪರಿಚಿತ, ಅರ್ಧ ಅಪರಿಚಿತ. ಹೀಗಾಗಿ ದೋಷ ಎಲ್ಲಿದೆಯೆಂದು ಅಳೆದು ನೋಡುವ ಮೊದಲೇ ‘ಕಂಟ್ರೋಲರ್ ಹೋಗಿದೆ’ ಎಂಬ ತೀರ್ಮಾನ ಹೊರಬೀಳುತ್ತದೆ. ಪೆಡಲ್ ಒತ್ತಿದಂತೆ ಮೋಟಾರಿಗೆ ಹೋಗುವ ವಿದ್ಯುತ್ತನ್ನು ನಿಯಂತ್ರಿಸುವ ಈ ಕಂಟ್ರೋಲರ್ ಗಾಡಿಯ ಅತ್ಯಂತ ದುಬಾರಿ ಭಾಗಗಳಲ್ಲಿ ಒಂದು. ಹೊಸದನ್ನು ತಂದು ಕೂರಿಸಿದ ಮೇಲೂ ಗಾಡಿ ಕದಲದಿದ್ದಾಗ, ನಿಜವಾದ ದೋಷ ಸಡಿಲಗೊಂಡ ಒಂದು ಲಗ್‌ನಲ್ಲೋ (ಕೇಬಲ್ ತುದಿಯ ಲೋಹದ ಕೊಂಡಿ) ಪೆಡಲ್ ಕೆಳಗಿನ ಪುಟ್ಟ ಸ್ವಿಚ್ಚಿನಲ್ಲೋ ಇತ್ತೆಂಬುದು ತಿಳಿಯುತ್ತದೆ.

ಈ ಲೇಖನದಲ್ಲಿ ಹೇಳುವ ಕ್ರಮದ ತಿರುಳು ಇಷ್ಟೇ: ಬ್ಯಾಟರಿಯಿಂದ ಮೋಟಾರಿನವರೆಗೆ ವಿದ್ಯುತ್ತು ಸಾಗುವ ದಾರಿ ಒಂದೇ, ಮಲ್ಟಿಮೀಟರ್ ಹಿಡಿದು ಆ ದಾರಿಯನ್ನು ಮೊದಲಿನಿಂದ ಅನುಸರಿಸಿದರೆ ವೋಲ್ಟೇಜು ಎಲ್ಲಿ ಕಾಣೆಯಾಗುತ್ತದೆಯೋ ಅಲ್ಲೇ ದೋಷವಿರುತ್ತದೆ. ಇಲ್ಲಿನ ಅಂಕಿಗಳು ನೀರು ತುಂಬಿಸುವ ಲೆಡ್ ಆಸಿಡ್ ಬ್ಯಾಟರಿಗಳಿರುವ 48 ವೋಲ್ಟಿನ ಗಾಡಿಯವು. ಅದರಲ್ಲಿ 8 ವೋಲ್ಟಿನ ಆರು, 6 ವೋಲ್ಟಿನ ಎಂಟು ಅಥವಾ 12 ವೋಲ್ಟಿನ ನಾಲ್ಕು ಬ್ಯಾಟರಿಗಳು ಸರಣಿಯಲ್ಲಿ ಜೋಡಣೆಯಾಗಿರುತ್ತವೆ. ಹಳೆಯ ಗಾಡಿಗಳಲ್ಲಿ 6 ವೋಲ್ಟಿನ ಆರು ಬ್ಯಾಟರಿಗಳ 36 ವೋಲ್ಟಿನ ವ್ಯವಸ್ಥೆಯೂ ಇದೆ. ಪರೀಕ್ಷೆಯ ಕ್ರಮ ಮಾತ್ರ ಎಲ್ಲಕ್ಕೂ ಒಂದೇ.

ಕೈ ಹಾಕುವ ಮುನ್ನ

48 ವೋಲ್ಟು ಒಣಗಿದ ಕೈಗೆ ಸಾಮಾನ್ಯವಾಗಿ ಆಘಾತ ನೀಡುವುದಿಲ್ಲವೆಂಬ ಮಾತು ನಿಜವಾದರೂ ಇಲ್ಲಿನ ಅಪಾಯ ಬೇರೆ ಬಗೆಯದು. ಎರಡು ಟರ್ಮಿನಲ್‌ಗಳ ಮೇಲೆ ಅಡ್ಡಲಾಗಿ ಬಿದ್ದ ಸ್ಪ್ಯಾನರ್ ಮೂಲಕ ನೂರಾರು ಆಂಪಿಯರ್ ವಿದ್ಯುತ್ತು ಹರಿದು ಅದು ಕ್ಷಣಾರ್ಧದಲ್ಲಿ ಕೆಂಪಗೆ ಕಾಯುತ್ತದೆ; ಚಾರ್ಜ್ ಆಗುವಾಗ ಹೊರಬಂದ ಹೈಡ್ರೋಜನ್ ಸೀಟಿನ ಕೆಳಗೆ ಉಳಿದಿದ್ದರೆ ಅದೇ ಕಿಡಿಗೆ ಬ್ಯಾಟರಿ ಸಿಡಿಯಬಹುದು. ಆದ್ದರಿಂದ ಉಂಗುರ, ಬಳೆ, ಕೈಗಡಿಯಾರ, ಲೋಹದ ಸರಗಳನ್ನು ತೆಗೆದಿಟ್ಟು, ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗ್ಲೌಸ್ ಹಾಕಿಕೊಂಡು, ಸ್ಪ್ಯಾನರ್ ಹಿಡಿಕೆಗೆ ಇನ್ಸುಲೇಷನ್ ಟೇಪ್ ಸುತ್ತಿಕೊಂಡೇ ಕೆಲಸ ಆರಂಭಿಸಬೇಕು. ಕೀಲಿಯನ್ನು ಆಫ್ ಮಾಡಿ, ಸೀಟಿನ ಕೆಳಗೆ ‘ರನ್–ಟೋ’ (ಓಡಿಸು–ಎಳೆದೊಯ್ಯಿ) ಎಂಬ ಸ್ವಿಚ್ಚಿದ್ದರೆ ಅದನ್ನು ಟೋ ಕಡೆಗೆ ತಿರುಗಿಸಿದ ನಂತರವೇ ಬ್ಯಾಟರಿಯ ತಂತಿ ಬಿಚ್ಚಬೇಕು. ಕೆಟ್ಟ ಗಾಡಿಯನ್ನು ಎಳೆದೊಯ್ಯುವಾಗಲೂ ಈ ಸ್ವಿಚ್ಚು ಟೋ ಕಡೆಗೇ ಇರಬೇಕು; ರನ್ ಕಡೆಗೆ ಬಿಟ್ಟು ಎಳೆದರೆ ಅನೇಕ ಮಾದರಿಗಳಲ್ಲಿ ಮೋಟಾರು ಜನರೇಟರಿನಂತೆ ವರ್ತಿಸಿ ಚಕ್ರವನ್ನು ತಡೆಯುತ್ತದೆ, ಕಂಟ್ರೋಲರಿಗೂ ಹಾನಿಯಾಗಬಹುದು.

ಪೆಡಲ್ ಒತ್ತಿ ಮಾಡುವ ಪರೀಕ್ಷೆಗಳಿಗೆ ಮುಂದಿನ ಚಕ್ರಗಳಿಗೆ ಕಟ್ಟೆ ಕೊಟ್ಟು, ಹಿಂದಿನ ಎರಡೂ ಚಕ್ರಗಳನ್ನು ನೆಲದಿಂದ ಎತ್ತಿ, ಜಾಕ್ ಒಂದನ್ನೇ ನಂಬದೆ ಗಟ್ಟಿ ಸ್ಟ್ಯಾಂಡಿನ ಮೇಲೆ ಗಾಡಿಯನ್ನು ನಿಲ್ಲಿಸಬೇಕು. ಹೀಗೆ ಎತ್ತಿದ ಸ್ಥಿತಿಯಲ್ಲಿ ಪೆಡಲನ್ನು ಪೂರ್ತಿ ಒತ್ತಿ ಹಿಡಿಯುವುದು ಸಲ್ಲದು. ಹಳೆಯ ಸೀರೀಸ್ ಮೋಟಾರುಗಳು (ಒಳಗಿನ ಎರಡು ಸುರುಳಿಗಳೂ ಸರಣಿಯಲ್ಲಿ ಜೋಡಣೆಯಾದ ಡಿಸಿ ಮೋಟಾರುಗಳು) ಭಾರವಿಲ್ಲದೆ ತಿರುಗಿದರೆ ವೇಗ ಮಿತಿಮೀರಿ ಹೆಚ್ಚಿ ತಮ್ಮನ್ನು ತಾವೇ ಹಾಳುಮಾಡಿಕೊಳ್ಳುತ್ತವೆ.

ಮೊದಲ ಹೆಜ್ಜೆ: ಬ್ಯಾಟರಿ

ದೂರು ಏನೇ ಇರಲಿ, ಅಂದರೆ ಗಾಡಿ ಏರು ಹತ್ತುತ್ತಿಲ್ಲ, ಮಧ್ಯಾಹ್ನಕ್ಕೇ ಸುಸ್ತಾಗುತ್ತದೆ, ಜರ್ಕ್ ಹೊಡೆಯುತ್ತದೆ, ಹೊರಡುವುದೇ ಇಲ್ಲ ಎಂಬ ಯಾವ ಮಾತಿದ್ದರೂ, ಪರೀಕ್ಷೆ ಬ್ಯಾಟರಿಯಿಂದಲೇ ಶುರುವಾಗಬೇಕು. ಬ್ಯಾಟರಿ ಬಲಹೀನವಾಗಿದ್ದರೆ ಮುಂದಿನ ಯಾವ ಅಳತೆಯನ್ನೂ ನಂಬುವಂತಿಲ್ಲ.

ಗಾಡಿಯನ್ನು ಪೂರ್ತಿ ಚಾರ್ಜ್ ಮಾಡಿ, ಚಾರ್ಜರ್ ತೆಗೆದು ಕನಿಷ್ಠ ಆರು ಗಂಟೆ ಬಿಟ್ಟು, ಆಮೇಲೆ ಇಡೀ ಸರಣಿಯ ಮೊದಲ ಪಾಸಿಟಿವ್ ಮತ್ತು ಕೊನೆಯ ನೆಗೆಟಿವ್ ನಡುವೆ ಮೀಟರ್ ಹಿಡಿಯಬೇಕು. ಚಾರ್ಜರ್ ತೆಗೆದ ಕೂಡಲೇ ಅಳೆದರೆ ಮೇಲ್ಮೈ ಚಾರ್ಜಿನಿಂದಾಗಿ ಸುಳ್ಳು ಅಂಕಿ ಬರುತ್ತದೆ. ಆರೋಗ್ಯವಂತ ಸರಣಿ ಹೀಗೆ ತಣಿದ ನಂತರ ಸುಮಾರು 50.9 ವೋಲ್ಟ್ ತೋರಿಸಬೇಕು. 48.4ರ ಸುತ್ತ ಇದ್ದರೆ ಅರ್ಧ ಚಾರ್ಜ್ ಮಾತ್ರ ಉಳಿದಿದೆಯೆಂದೂ 46.6ಕ್ಕೆ ಇಳಿದಿದ್ದರೆ ಐದನೆಯ ಒಂದು ಭಾಗವಷ್ಟೇ ಇದೆಯೆಂದೂ ತಿಳಿಯಬೇಕು. ಹೆಸರಿನಲ್ಲಿ 48 ವೋಲ್ಟ್ ಇರುವುದರಿಂದ ಮೀಟರಿನಲ್ಲಿ 48 ಕಂಡರೆ ಬ್ಯಾಟರಿ ತುಂಬಿದೆಯೆಂದು ಭಾವಿಸುವುದು ಬಹಳ ಸಾಮಾನ್ಯವಾದ ತಪ್ಪು ತಿಳಿವಳಿಕೆ.

ಒಟ್ಟು ಅಂಕಿ ಸರಿಯಿದ್ದರೂ ಅಲ್ಲಿಗೆ ನಿಲ್ಲಿಸದೆ ಪ್ರತಿ ಬ್ಯಾಟರಿಯನ್ನೂ ಬೇರೆ ಬೇರೆಯಾಗಿ ಅಳೆದು ಕಾಗದದಲ್ಲಿ ಬರೆದುಕೊಳ್ಳಬೇಕು. ತುಂಬಿದ 8 ವೋಲ್ಟಿನ ಬ್ಯಾಟರಿ ಸುಮಾರು 8.49, 6 ವೋಲ್ಟಿನದು 6.37, 12 ವೋಲ್ಟಿನದು 12.73 ವೋಲ್ಟ್ ತೋರಿಸುತ್ತವೆ. ಇಲ್ಲಿ ಒಂದೊಂದರ ಅಂಕಿಗಿಂತ ಅವುಗಳ ನಡುವಿನ ವ್ಯತ್ಯಾಸವೇ ಹೆಚ್ಚು ಮಾತನಾಡುತ್ತದೆ. ಐದು ಬ್ಯಾಟರಿಗಳು 8.4 ತೋರಿಸುವಾಗ ಆರನೆಯದು 6.3 ತೋರಿಸಿದರೆ, ಆ ಬ್ಯಾಟರಿಯ ನಾಲ್ಕು ಸೆಲ್‌ಗಳಲ್ಲಿ ಒಂದು ಶಾರ್ಟ್ ಆಗಿದೆಯೆಂದೇ ಅರ್ಥ. ಪ್ರತಿ ಸೆಲ್ಲಿನ ಪಾಲು ಎರಡು ವೋಲ್ಟಿಗಿಂತ ತುಸು ಹೆಚ್ಚು.

ನಿಂತಾಗ ಚೆನ್ನಾಗಿ ಕಾಣುವ ಬ್ಯಾಟರಿ ಭಾರ ಬಿದ್ದಾಗ ಕುಸಿಯುವುದುಂಟು. ಅದನ್ನು ಹಿಡಿಯಲು ಓಟದ ಪರೀಕ್ಷೆಯೇ ಬೇಕು. ಒಬ್ಬರು ಗಾಡಿ ಓಡಿಸುತ್ತ ಏರಿನಲ್ಲಿ ಪೆಡಲನ್ನು ಪೂರ್ತಿ ಒತ್ತಬೇಕು, ಅದೇ ಹೊತ್ತಿಗೆ ಇನ್ನೊಬ್ಬರು ಮೀಟರ್ ನೋಡಬೇಕು. ಉದ್ದನೆಯ ತಂತಿಗಳನ್ನು ಕ್ಲಿಪ್ಪಿನಿಂದ ಮೊದಲೇ ಭದ್ರವಾಗಿ ಸಿಕ್ಕಿಸಿ ಹೊರಗೆ ತಂದುಕೊಂಡರೆ ಚಲಿಸುವ ಗಾಡಿಯಲ್ಲಿ ಸೀಟು ಎತ್ತಿ ಕೂರುವ ಅಪಾಯ ತಪ್ಪುತ್ತದೆ. ಇಡೀ ಸರಣಿ 42 ವೋಲ್ಟಿಗಿಂತ ಕೆಳಗೆ, ಅಂದರೆ ಸೆಲ್ಲೊಂದಕ್ಕೆ 1.75 ವೋಲ್ಟಿಗಿಂತ ಕೆಳಗೆ ಕುಸಿದರೆ ಬ್ಯಾಟರಿಗಳಲ್ಲಿ ಶಕ್ತಿ ಉಳಿದಿಲ್ಲ. ಜೊತೆಗಾರರೆಲ್ಲ 7.7ರಲ್ಲಿ ನಿಂತಿರುವಾಗ ಒಂದೇ ಒಂದು ಬ್ಯಾಟರಿ 7ರ ಕೆಳಗೆ ಇಳಿದರೆ, ಗಾಡಿಯ ಆಯಾಸಕ್ಕೆಲ್ಲ ಅದೊಂದೇ ಹೊಣೆ.

ಬ್ಯಾಟರಿ ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಕೆಲವೇ ನೂರು ರೂಪಾಯಿಯ ಉಪಕರಣವಾದರೂ ಪ್ರತಿ ಸೆಲ್ಲಿನ ಸ್ಥಿತಿಯನ್ನೂ ಅದರಷ್ಟು ಸ್ಪಷ್ಟವಾಗಿ ತಿಳಿಸುವ ಉಪಕರಣ ಇನ್ನೊಂದಿಲ್ಲ. ತುಂಬಿದ ಸೆಲ್ಲಿನ ದ್ರವ 1.265ರಿಂದ 1.277ರವರೆಗಿನ ಸಾಪೇಕ್ಷ ಸಾಂದ್ರತೆ ತೋರಿಸುತ್ತದೆ. ಸೆಲ್ ಸೆಲ್‌ಗಳ ನಡುವೆ 0.030ಕ್ಕಿಂತ ಹೆಚ್ಚಿನ ಅಂತರವಿದ್ದರೆ ಸಮತೋಲನ ತಪ್ಪಿದೆ. ಒಂದೆರಡು ಸಲ ಈಕ್ವಲೈಸ್ ಚಾರ್ಜ್ (ಎಲ್ಲ ಸೆಲ್‌ಗಳನ್ನೂ ಸಮಮಟ್ಟಕ್ಕೆ ತರುವ ಹೆಚ್ಚುವರಿ ಚಾರ್ಜ್) ಕೊಟ್ಟ ಮೇಲೂ ಅಂತರ 0.050ರಷ್ಟು ಉಳಿದರೆ ಆ ಬ್ಯಾಟರಿಯ ಆಸೆ ಬಿಡುವುದೇ ಒಳ್ಳೆಯದು. ಈ ಅಂಕಿಗಳು 27 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶಕ್ಕೆ ಹೊಂದಿಕೆಯಾದವು. ಬಳ್ಳಾರಿ, ಕಲಬುರಗಿಗಳ ಬೇಸಿಗೆಯಲ್ಲಿ ದ್ರವವೇ 38 ಡಿಗ್ರಿಗೆ ಕಾದಿದ್ದರೆ ಪ್ರತಿ 5.5 ಡಿಗ್ರಿಗೆ 0.004ರಂತೆ ಓದಿದ ಅಂಕಿಗೆ ಕೂಡಿಸಿಕೊಳ್ಳಬೇಕು.

ನೀರಿನ ವಿಷಯದಲ್ಲಿ ಆಗುವಷ್ಟು ಅನಾಹುತ ಬೇರೆ ಯಾವುದರಲ್ಲೂ ಆಗುವುದಿಲ್ಲ. ಬೋರ್‌ವೆಲ್ ನೀರನ್ನಾಗಲಿ ಕುಡಿಯುವ ನೀರಿನ ಕ್ಯಾನಿನ ನೀರನ್ನಾಗಲಿ ಹಾಕಬಾರದು, ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು. ಆಸಿಡ್ ಸೇರಿಸುವ ಅಗತ್ಯ ದಿನನಿತ್ಯದ ನಿರ್ವಹಣೆಯಲ್ಲಿ ಬರುವುದಿಲ್ಲ. ನೀರನ್ನು ಚಾರ್ಜ್ ಆದ ನಂತರ ತುಂಬಿಸಬೇಕು, ಮೊದಲಲ್ಲ. ಚಾರ್ಜ್ ಆಗುವಾಗ ದ್ರವ ಹಿಗ್ಗುವುದರಿಂದ ಮೊದಲೇ ತುಂಬಿಸಿದರೆ ಆಸಿಡ್ ಉಕ್ಕಿ ಟರ್ಮಿನಲ್‌ಗಳನ್ನೂ ಚಾಸಿಯನ್ನೂ ತಿನ್ನುತ್ತದೆ. ಪ್ಲೇಟುಗಳು ಬಯಲಾಗಿ ಒಣಗಿದ್ದರೆ ಮಾತ್ರ ಅವು ಮುಳುಗುವಷ್ಟು ನೀರು ಹಾಕಿ ಚಾರ್ಜ್ ಮಾಡಿ, ಉಳಿದದ್ದನ್ನು ಆಮೇಲೆ ಸೇರಿಸಬೇಕು.

ಕೆಟ್ಟದ್ದು ಒಂದೇ ಬ್ಯಾಟರಿಯಾದರೆ ಅದೊಂದನ್ನು ಬದಲಿಸಬಹುದೇ ಎಂಬ ಪ್ರಶ್ನೆ ಸಹಜ. ಸರಣಿ ಹೊಸದಾಗಿದ್ದರೆ ಬದಲಿಸಬಹುದು. ಎರಡು ಮೂರು ವರ್ಷ ದುಡಿದ ಸರಣಿಯ ನಡುವೆ ಹೊಸ ಬ್ಯಾಟರಿ ಇಟ್ಟರೆ, ಹಳೆಯವು ತುಂಬುವ ಹೊತ್ತಿಗೆ ಹೊಸದು ಅತಿಯಾಗಿ ಚಾರ್ಜ್ ಆಗುತ್ತ ಬೇಗ ಹಾಳಾಗುತ್ತದೆ. ಅಂಥಲ್ಲಿ ಪೂರ್ತಿ ಸರಣಿಯನ್ನೇ ಬದಲಿಸುವುದು ಮೇಲ್ನೋಟಕ್ಕೆ ದುಬಾರಿಯೆನಿಸಿದರೂ ವರ್ಷ ಕಳೆದ ಮೇಲೆ ಲೆಕ್ಕ ಹಾಕಿದರೆ ಅದೇ ಅಗ್ಗವೆಂದು ನನ್ನ ಅಭಿಪ್ರಾಯ.

ಲಗ್ ಮತ್ತು ಕೇಬಲ್

ಬ್ಯಾಟರಿಗಳು ಸರಿಯಿದ್ದರೆ ಮುಂದಿನ ಸರದಿ ಅವುಗಳನ್ನು ಜೋಡಿಸುವ ದಪ್ಪ ಕೇಬಲ್‌ಗಳದ್ದು. ಗಾಡಿಯನ್ನು ಸ್ವಲ್ಪ ದೂರ ಏರಿನಲ್ಲಿ ಓಡಿಸಿ ತಂದು, ಪ್ರತಿ ಲಗ್ಗಿನ ಬಳಿ ಕೈ ಹಿಂಭಾಗ ಒಡ್ಡಿ ನೋಡಿದರೆ ಕೆಟ್ಟದ್ದು ತಾನೇ ಬಿಸಿಯಾಗಿ ತೋರಿಸಿಕೊಡುತ್ತದೆ. ಮೀಟರಿನಿಂದಲೂ ಖಚಿತಪಡಿಸಿಕೊಳ್ಳಬಹುದು: ಒಂದು ಬ್ಯಾಟರಿಯ ಸೀಸದ ಕಂಬದಿಂದ ಮುಂದಿನ ಬ್ಯಾಟರಿಯ ಸೀಸದ ಕಂಬಕ್ಕೆ ಮೀಟರ್ ಹಿಡಿದು ಭಾರದಲ್ಲಿ ಓಡಿಸಿದಾಗ ವೋಲ್ಟೇಜು ಹೆಚ್ಚುಕಡಿಮೆ ಶೂನ್ಯವಿರಬೇಕು, 0.2 ವೋಲ್ಟ್ ಅಥವಾ ಅದಕ್ಕೂ ಹೆಚ್ಚು ಕಂಡರೆ ಆ ಕೇಬಲ್ಲಿನ ಒಳಗೆ ಅಥವಾ ತುದಿಯಲ್ಲಿ ಅಡಚಣೆ ಇದೆ. ಕರಾವಳಿ, ಮಲೆನಾಡುಗಳ ಮಳೆಗಾಲದಲ್ಲಿ ಹೊರಗಿನ ಪ್ಲಾಸ್ಟಿಕ್ ಚೆನ್ನಾಗಿದ್ದು ಒಳಗಿನ ತಾಮ್ರ ಹಸಿರುಗಟ್ಟಿ ಪುಡಿಯಾಗಿರುವ ಕೇಬಲ್‌ಗಳು ಸಿಗುತ್ತವೆ. ಟರ್ಮಿನಲ್ ಮೇಲಿನ ಬಿಳಿ ಪುಡಿಯನ್ನು ಅಡುಗೆ ಸೋಡಾ ಬೆರೆಸಿದ ನೀರಿನಿಂದ ತೊಳೆದು, ಸೆಲ್ಲಿನೊಳಗೆ ಆ ನೀರು ಹೋಗದಂತೆ ಮುಚ್ಚಳ ಬಿಗಿಯಾಗಿರುವುದನ್ನು ನೋಡಿಕೊಂಡು, ಒಣಗಿಸಿ, ನಟ್ ಬಿಗಿದು, ಕೊನೆಯಲ್ಲಿ ಪೆಟ್ರೋಲಿಯಂ ಜೆಲ್ಲಿ ಸವರಬೇಕು. ಜೆಲ್ಲಿ ಸವರಿ ಆಮೇಲೆ ಲಗ್ ಕೂರಿಸುವ ರೂಢಿ ಸರಿಯಲ್ಲ.

ಪೆಡಲ್ ಒತ್ತಿದರೂ ಗಾಡಿ ಕದಲದಿದ್ದರೆ

ಇಲ್ಲಿ ಕಿವಿಯೇ ಮೊದಲ ಉಪಕರಣ. ಕೀಲಿ ತಿರುಗಿಸಿ, ಫಾರ್ವರ್ಡ್‌ಗೆ ಹಾಕಿ, ಪೆಡಲನ್ನು ಮೆಲ್ಲಗೆ ಒತ್ತಿದಾಗ ಸೀಟಿನ ಕೆಳಗಿನಿಂದ ‘ಟಕ್’ ಎಂಬ ಸದ್ದು ಬರಬೇಕು. ಅದು ಸೊಲೆನಾಯ್ಡ್ ಎಂಬ ದಪ್ಪ ವಿದ್ಯುತ್ ಸ್ವಿಚ್ಚು ಮುಚ್ಚಿಕೊಳ್ಳುವ ಸದ್ದು. (ಕೆಲವು ಮಾದರಿಗಳಲ್ಲಿ ಕೀಲಿ ತಿರುಗಿಸಿದ ಕೂಡಲೇ ಈ ಸದ್ದು ಬರುತ್ತದೆ.) ಟಕ್ ಎನ್ನುತ್ತದೆಯೋ ಇಲ್ಲವೋ ಎಂಬುದೇ ಮುಂದಿನ ಹುಡುಕಾಟವನ್ನು ಎರಡು ದಾರಿಗಳಾಗಿ ಕವಲೊಡೆಸುತ್ತದೆ.

ಸದ್ದೇ ಬರದಿದ್ದರೆ ಸೊಲೆನಾಯ್ಡಿನ ಎರಡು ಸಣ್ಣ ಟರ್ಮಿನಲ್‌ಗಳ ನಡುವೆ ಮೀಟರ್ ಹಿಡಿದು ಪೆಡಲ್ ಒತ್ತಬೇಕು. ಅಲ್ಲಿ ಬ್ಯಾಟರಿಯ ಪೂರ್ತಿ ವೋಲ್ಟೇಜು ಬಂದಿದ್ದೂ ಸದ್ದಿಲ್ಲವೆಂದರೆ ಸೊಲೆನಾಯ್ಡಿನ ಕಾಯಿಲ್ ಸುಟ್ಟಿದೆ, ಅದನ್ನೇ ಬದಲಿಸಬೇಕು. ಅಲ್ಲಿ ವೋಲ್ಟೇಜೇ ಬಂದಿಲ್ಲವೆಂದರೆ ಸೊಲೆನಾಯ್ಡ್ ನಿರಪರಾಧಿ. ಅದಕ್ಕೆ ಆಜ್ಞೆ ತಲುಪಿಸುವ ಸಣ್ಣ ತಂತಿಯ ದಾರಿ ಎಲ್ಲೋ ಕಡಿದಿದೆ. ಮೀಟರಿನ ಕಪ್ಪು ತಂತಿಯನ್ನು ಬ್ಯಾಟರಿ ಸರಣಿಯ ಕೊನೆಯ ನೆಗೆಟಿವ್‌ನಲ್ಲಿ ಸಿಕ್ಕಿಸಿಟ್ಟು ಕೆಂಪು ತಂತಿಯಿಂದ ಕ್ರಮವಾಗಿ ಫ್ಯೂಸ್, ಕೀ ಸ್ವಿಚ್ಚಿನ ಒಳಬದಿ ಮತ್ತು ಹೊರಬದಿ, ಫಾರ್ವರ್ಡ್–ರಿವರ್ಸ್ ಸ್ವಿಚ್ಚು, ಪೆಡಲ್ ಪೆಟ್ಟಿಗೆಯ ಮೈಕ್ರೋ ಸ್ವಿಚ್ಚು ಇವುಗಳನ್ನು ಮುಟ್ಟುತ್ತ ಹೋಗಬೇಕು. ಒಳಬದಿಯಲ್ಲಿ 48 ಇದ್ದು ಹೊರಬದಿಯಲ್ಲಿ ಶೂನ್ಯವಾದ ಭಾಗವೇ ಕೆಟ್ಟ ಭಾಗ. ಚಾರ್ಜರ್ ಪ್ಲಗ್ ಸಿಕ್ಕಿಸಿದ್ದಾಗ ಗಾಡಿ ಹೊರಡದಂತೆ ತಡೆಯುವ ಇಂಟರ್‌ಲಾಕ್ ಇದೇ ದಾರಿಯಲ್ಲಿ ಇರುವುದರಿಂದ, ಪ್ಲಗ್ ತೆಗೆದಿದೆಯೇ ಎಂದೊಮ್ಮೆ ನೋಡಿಬಿಡುವುದು ಜಾಣತನ. ಇಲಿ ಕಡಿದ ತಂತಿಯೂ ಅಪರೂಪವಲ್ಲ.

ಟಕ್ ಎಂಬ ಸದ್ದು ಬಂದೂ ಗಾಡಿ ಕದಲದಿದ್ದರೆ ಸೊಲೆನಾಯ್ಡಿನ ಒಳಗಿನ ತಾಮ್ರದ ಬಿಲ್ಲೆ ಸುಟ್ಟು ಕರಕಲಾಗಿರಬಹುದು. ಅದರ ಎರಡು ದೊಡ್ಡ ಕಂಬಗಳ ನಡುವೆ ಮೀಟರ್ ಹಿಡಿದು ಪೆಡಲ್ ಒತ್ತಿದಾಗ ಅಂಕಿ ಶೂನ್ಯಕ್ಕೆ ಹತ್ತಿರ ಇಳಿಯಬೇಕು. ಇಳಿಯದೆ ಬ್ಯಾಟರಿಯ ವೋಲ್ಟೇಜೇ ಕಂಡರೆ ಬಿಲ್ಲೆ ಕೂಡಿಕೊಳ್ಳುತ್ತಿಲ್ಲ. ಇಲ್ಲೊಂದು ಮೋಸವಿದೆ. ಅನೇಕ ಗಾಡಿಗಳಲ್ಲಿ ಈ ಎರಡು ಕಂಬಗಳ ನಡುವೆ ಒಂದು ರೆಸಿಸ್ಟರ್ ಇದ್ದು, ಕಂಟ್ರೋಲರಿನ ಒಳಗಿನ ಕೆಪಾಸಿಟರುಗಳನ್ನು ಮೊದಲೇ ತುಂಬಿಸಿಡುತ್ತದೆ. ಆದ್ದರಿಂದ ಸೊಲೆನಾಯ್ಡ್ ಮುಚ್ಚಿಕೊಳ್ಳದಿದ್ದರೂ ಕಂಟ್ರೋಲರ್ ಕಡೆಯ ಕಂಬದಲ್ಲಿ ಬ್ಯಾಟರಿಗೆ ಸಮೀಪದ ವೋಲ್ಟೇಜು ಕಾಣುತ್ತದೆ, ನೋಡಿದವರು ಸೊಲೆನಾಯ್ಡ್ ಸರಿಯಿದೆಯೆಂದು ಮುಂದೆ ಸಾಗುತ್ತಾರೆ. ಪೆಡಲ್ ಒತ್ತಿ ಮೋಟಾರು ವಿದ್ಯುತ್ತು ಬೇಡುವ ಕ್ಷಣದಲ್ಲಿ ಅಳೆದಾಗ ಮಾತ್ರ ಸತ್ಯ ಹೊರಬರುತ್ತದೆ. ಹೊಸ ಸೊಲೆನಾಯ್ಡ್ ಕೂರಿಸುವಾಗ ಆ ರೆಸಿಸ್ಟರನ್ನೂ, ಸಣ್ಣ ಟರ್ಮಿನಲ್‌ಗಳ ನಡುವಿನ ಡಯೋಡನ್ನೂ ಮರೆಯದೆ ವರ್ಗಾಯಿಸಬೇಕು. ಡಯೋಡಿನ ಮೇಲಿನ ಪಟ್ಟಿ ಪಾಸಿಟಿವ್ ಕಡೆಗಿರಬೇಕು. ತಿರುಗುಮುರುಗಾದರೆ ಮೊದಲ ಸಲ ಪೆಡಲ್ ಒತ್ತಿದಾಗಲೇ ಶಾರ್ಟ್ ಆಗುತ್ತದೆ.

ಮುಂದಕ್ಕೆ ಹೋಗುತ್ತದೆ, ಹಿಂದಕ್ಕೆ ಬರುವುದಿಲ್ಲ ಎಂಬ ದೂರು ಬಂದರೆ ಹುಡುಕಾಟ ಇನ್ನೂ ಸುಲಭ: ಬ್ಯಾಟರಿ, ಸೊಲೆನಾಯ್ಡ್, ಮೋಟಾರು ಮೂರೂ ಸರಿಯಿವೆ ಎಂದಾಯಿತು. ಹಳೆಯ ಸೀರೀಸ್ ಗಾಡಿಗಳಲ್ಲಿ ಮೋಟಾರಿನ ಪೂರ್ತಿ ವಿದ್ಯುತ್ತು ಹರಿಯುವ ದಪ್ಪ ಫಾರ್ವರ್ಡ್–ರಿವರ್ಸ್ ಸ್ವಿಚ್ಚಿನ ಒಂದು ಬದಿಯ ಸಂಪರ್ಕ ಸುಟ್ಟಿರುತ್ತದೆ. ಹೊಸ ಗಾಡಿಗಳಲ್ಲಿ ಕಂಟ್ರೋಲರಿಗೆ ಸೂಚನೆ ಕೊಡುವ ಪುಟ್ಟ ಸ್ವಿಚ್ಚೋ ಅದರ ತಂತಿಯೋ ಹೋಗಿರುತ್ತದೆ.

ಜರ್ಕ್, ಅರೆವೇಗ ಮತ್ತು ಕಂಟ್ರೋಲರಿನ ಸರದಿ

ಗಾಡಿ ಹೊರಡುತ್ತದೆ, ಆದರೆ ಮುಗ್ಗರಿಸುತ್ತ ಹೊರಡುತ್ತದೆ ಅಥವಾ ಅರ್ಧ ವೇಗ ದಾಟುವುದಿಲ್ಲವೆಂದರೆ ಪೆಡಲಿಗೆ ಜೋಡಿಸಿದ ಥ್ರಾಟಲ್ ಸೆನ್ಸರನ್ನು ಸಂಶಯಿಸಬೇಕು. ಅದು 0ಯಿಂದ 5 ಕಿಲೋ ಓಮ್‌ವರೆಗೆ ರೋಧ ಬದಲಾಗುವ ಪೊಟೆನ್ಷಿಯೋಮೀಟರ್ ಆಗಿದ್ದರೆ ಕನೆಕ್ಟರ್ ಬಿಚ್ಚಿ, ಮೀಟರನ್ನು ಓಮ್ಸ್‌ಗೆ ಹಾಕಿ, ಪೆಡಲನ್ನು ಬಹಳ ನಿಧಾನವಾಗಿ ಒತ್ತಬೇಕು. ಅಂಕಿ ಎಲ್ಲೂ ತಡವರಿಸದೆ, ಹಠಾತ್ತನೆ ಜಿಗಿಯದೆ ಒಂದೇ ಸಮನೆ ಏರಬೇಕು. ಕೆಲವು ಮಾದರಿಗಳಲ್ಲಿ ಇದೇ ಅಂಕಿ ಇಳಿಯುತ್ತ ಹೋಗುತ್ತದೆ. ಮಧ್ಯದಲ್ಲೊಂದು ಕಡೆ ಅಂಕಿ ಮಾಯವಾದರೆ ಅಲ್ಲೇ ಗಾಡಿ ಮುಗ್ಗರಿಸುವುದು. ಇಂಡಕ್ಟಿವ್ ಮಾದರಿಯ ಥ್ರಾಟಲ್‌ಗಳಲ್ಲಿ ಓಮ್ಸ್ ಅಳೆದು ಪ್ರಯೋಜನವಿಲ್ಲ, ಹೊರಬರುವ ವೋಲ್ಟೇಜನ್ನೇ ತಯಾರಕರ ಕೈಪಿಡಿಯ ಅಂಕಿಯೊಂದಿಗೆ ಹೋಲಿಸಬೇಕು. ಮೋಟಾರಿನ ತುದಿಯಲ್ಲಿ ಪುಟ್ಟ ಅಯಸ್ಕಾಂತವನ್ನು ಓದುವ ವೇಗದ ಸೆನ್ಸರ್ ಇರುವ ಗಾಡಿಗಳಲ್ಲಿ ಆ ಸೆನ್ಸರ್ ಕೆಟ್ಟರೂ, ಅದರ ಕನೆಕ್ಟರಿಗೆ ನೀರು ಸೇರಿದರೂ ಇದೇ ಬಗೆಯ ಲಕ್ಷಣ ಕಾಣಿಸಿಕೊಳ್ಳುತ್ತದೆ.

ಇಷ್ಟೆಲ್ಲ ಸರಿಯಿದ್ದರೆ ಮಾತ್ರ ಕಂಟ್ರೋಲರಿನ ಕಡೆ ಬೆರಳು ತೋರಿಸಬಹುದು. ಅದಕ್ಕೆ ಬರಬೇಕಾದ ಬ್ಯಾಟರಿ ವೋಲ್ಟೇಜು, ಕೀ ಸಂಕೇತ, ಥ್ರಾಟಲ್ ಸಂಕೇತ ಮೂರೂ ಬಂದಿದ್ದು, ಮೋಟಾರಿನ ಕಡೆ ಏನೂ ಹೊರಡುತ್ತಿಲ್ಲವೆಂದಾದರೆ ಅದು ಕೆಟ್ಟಿದೆ. ಅನೇಕ ಕಂಟ್ರೋಲರುಗಳ ಮೈಮೇಲಿನ ಪುಟ್ಟ ದೀಪ ದೋಷವನ್ನು ಮಿನುಗಿನ ಎಣಿಕೆಯಲ್ಲಿ ಹೇಳುತ್ತದೆ. ಆ ಎಣಿಕೆಯನ್ನು ಬರೆದುಕೊಂಡು ಕೈಪಿಡಿಯ ಪಟ್ಟಿಯಲ್ಲಿ ನೋಡಿದರೆ ಹಲವು ಗಂಟೆಗಳ ಶ್ರಮ ಉಳಿಯುತ್ತದೆ. ಏರಿನಲ್ಲಿ ಹೆಚ್ಚು ಜನರನ್ನು ಹೊತ್ತು ಸಾಗಿದಾಗ ನಿಧಾನವಾಗಿ, ತಣ್ಣಗಾದ ಮೇಲೆ ಮತ್ತೆ ಸರಿಹೋಗುವ ಗಾಡಿಯಲ್ಲಿ ಕಂಟ್ರೋಲರ್ ಕೆಟ್ಟಿಲ್ಲ, ಕಾದು ತನ್ನನ್ನು ತಾನೇ ರಕ್ಷಿಸಿಕೊಳ್ಳುತ್ತಿದೆ.

ಮೋಟಾರನ್ನು ಪರೀಕ್ಷಿಸಲು ಅದರ ಎಲ್ಲ ಕೇಬಲ್‌ಗಳನ್ನೂ ಗುರುತು ಹಾಕಿ ಬಿಚ್ಚಬೇಕು. ಸೀರೀಸ್ ಮೋಟಾರಿನಲ್ಲಿ ಎ1–ಎ2 (ತಿರುಗುವ ಆರ್ಮೇಚರಿನ ಟರ್ಮಿನಲ್‌ಗಳು) ನಡುವೆ, ಹಾಗೆಯೇ ಎಸ್1–ಎಸ್2 (ಸ್ಥಿರವಾಗಿರುವ ಫೀಲ್ಡ್ ಸುರುಳಿಯವು) ನಡುವೆ ಸಂಪರ್ಕವಿರಬೇಕು. ಎ ಮತ್ತು ಎಸ್ ನಡುವೆಯಾಗಲಿ, ಯಾವುದೇ ಟರ್ಮಿನಲ್ ಮತ್ತು ಮೋಟಾರಿನ ಮೈ ನಡುವೆಯಾಗಲಿ ಇರಬಾರದು. ಎ1–ಎ2 ಕಡಿದಿದ್ದರೆ ಬಹುಪಾಲು ಕಾರ್ಬನ್ ಬ್ರಷ್ ಸವೆದಿರುತ್ತದೆ. ಎಸಿ ಮೋಟಾರುಗಳಲ್ಲಿ ಬ್ರಷ್ಷೇ ಇಲ್ಲ.

ಚಾರ್ಜ್ ಆಗದಿದ್ದರೆ

ಹಳೆಯ ಟ್ರಾನ್ಸ್‌ಫಾರ್ಮರ್ ಚಾರ್ಜರುಗಳು ಬ್ಯಾಟರಿಯಲ್ಲಿ ಒಂದು ಮಟ್ಟದ ವೋಲ್ಟೇಜು ಕಂಡರೆ ಮಾತ್ರ ಆರಂಭವಾಗುತ್ತವೆ. ರಜೆಯಲ್ಲಿ ತಿಂಗಳುಗಟ್ಟಲೆ ನಿಂತ ಗಾಡಿಗೆ ಪ್ಲಗ್ ಹಾಕಿದರೂ ಚಾರ್ಜರ್ ಗುಂಯ್ ಎನ್ನದಿರುವುದಕ್ಕೆ ಇದೇ ಕಾರಣ. ಅಂಥಲ್ಲಿ ಪ್ರತಿ ಬ್ಯಾಟರಿಯನ್ನೂ ಸಣ್ಣ ಚಾರ್ಜರಿನಿಂದ ಬೇರೆಯಾಗಿ ಸ್ವಲ್ಪ ಮೇಲೆತ್ತಿ ಆಮೇಲೆ ಪ್ರಯತ್ನಿಸಬೇಕು. ಗಾಡಿಯ ಚಾರ್ಜಿಂಗ್ ಸಾಕೆಟ್ಟಿನಲ್ಲಿ ಬ್ಯಾಟರಿ ವೋಲ್ಟೇಜು ಕಾಣದಿದ್ದರೆ ಅಲ್ಲಿನ ಫ್ಯೂಸ್ ಅಥವಾ ತಂತಿ ಹೋಗಿದೆ. ಚಾರ್ಜಿನ ಕೊನೆಯ ಹಂತದಲ್ಲಿ ಸರಣಿಯ ವೋಲ್ಟೇಜು 58ರಿಂದ 62ರ ನಡುವೆ ಏರಬೇಕು. ರಾತ್ರಿಯಿಡೀ ಓಡಿದರೂ ಅಲ್ಲಿಗೆ ತಲುಪದೆ ಒಂದು ಬ್ಯಾಟರಿ ಮಾತ್ರ ಬಿಸಿಯಾಗುತ್ತಿದ್ದರೆ ದೋಷ ಆ ಬ್ಯಾಟರಿಯದೇ ಹೊರತು ಚಾರ್ಜರಿನದಲ್ಲ. ತೆಳು ಎಕ್ಸ್‌ಟೆನ್ಷನ್ ವೈರಿನಲ್ಲಿ ಚಾರ್ಜ್ ಮಾಡುವುದನ್ನು ಮಾತ್ರ ಯಾವ ಕಾರಣಕ್ಕೂ ಒಪ್ಪಲಾಗದು.

ದೀಪ, ಹಾರ್ನ್ ಕೆಲಸ ಮಾಡದಿದ್ದರೆ 48 ವೋಲ್ಟನ್ನು 12ಕ್ಕೆ ಇಳಿಸುವ ಕನ್ವರ್ಟರನ್ನೂ ಅದರ ಫ್ಯೂಸನ್ನೂ ನೋಡಬೇಕು. ಕನ್ವರ್ಟರ್ ಕೆಟ್ಟಾಗ ಖರ್ಚು ಉಳಿಸಲೆಂದು ಸರಣಿಯ ಒಂದೇ 12 ವೋಲ್ಟ್ ಬ್ಯಾಟರಿಯಿಂದ ದೀಪಕ್ಕೆ ತಂತಿ ಎಳೆದ ಗಾಡಿಗಳಿವೆ. ಅವುಗಳಲ್ಲಿ ಆ ಬ್ಯಾಟರಿ ಉಳಿದವುಗಳಿಗಿಂತ ಮೊದಲೇ ಸಾಯುತ್ತದೆ.

ಯಾಂತ್ರಿಕ ದೋಷಗಳು

ಬ್ಯಾಟರಿ ಬೇಗ ಇಳಿಯುತ್ತದೆಂಬ ದೂರಿನ ಹಿಂದೆ ಕೆಲವೊಮ್ಮೆ ವಿದ್ಯುತ್ತಿನ ದೋಷವೇ ಇರುವುದಿಲ್ಲ, ಬ್ರೇಕ್ ಹಿಡಿದುಕೊಂಡಿರುತ್ತದೆ. ಹೆಚ್ಚಿನ ಗಾಡಿಗಳಲ್ಲಿ ಬ್ರೇಕ್ ಇರುವುದು ಹಿಂದಿನ ಚಕ್ರಗಳ ಡ್ರಮ್ಮಿನಲ್ಲಿ. ಅದಕ್ಕೆ ಎಳೆತ ಕೊಡುವುದು ಕೇಬಲ್. ಮಳೆ ನೀರು ಸೇರಿ ಕೇಬಲ್ ತುಕ್ಕು ಹಿಡಿದರೆ ಬ್ರೇಕ್ ಪೆಡಲ್ ಬಿಟ್ಟ ಮೇಲೂ ಶೂ ಪೂರ್ತಿ ಹಿಂದೆ ಸರಿಯುವುದಿಲ್ಲ. ಹಿಂದಿನ ಚಕ್ರಗಳನ್ನು ಎತ್ತಿ, ಸ್ವಿಚ್ಚನ್ನು ಟೋಗೆ ಹಾಕಿ, ಕೈಯಿಂದ ತಿರುಗಿಸಿದಾಗ ಎರಡೂ ಒಂದೇ ಸಮನೆ ಹಗುರವಾಗಿ ತಿರುಗಬೇಕು. ಒಂದು ಕಡೆ ಉಜ್ಜುವ ಸದ್ದು ಬಂದರೆ ಡ್ರಮ್ ಬಿಚ್ಚಿ ಶೂ, ಸ್ಪ್ರಿಂಗ್, ಅಡ್ಜಸ್ಟರ್‌ಗಳನ್ನು ನೋಡಬೇಕು. ಟೈರಿನ ಗಾಳಿಯೂ ಇಷ್ಟೇ ಮುಖ್ಯ. ಸಾಮಾನ್ಯ ಗಾಲ್ಫ್ ಟೈರಿಗೆ 18ರಿಂದ 22 ಪಿಎಸ್‌ಐ ಸಾಕಾದರೂ ಟೈರಿನ ಮೈಮೇಲೆ ಬರೆದಿರುವ ಮಿತಿಯನ್ನು ಮೀರಬಾರದು.

ಸ್ಟಿಯರಿಂಗ್ ಒಂದು ಕಡೆಗೆ ಎಳೆಯುತ್ತಿದ್ದರೆ ಗಾಳಿ ನೋಡಿ, ನಂತರ ಮುಂದಿನ ಚಕ್ರವನ್ನು ಎತ್ತಿ ಅದರ ಮೇಲೆ ಕೆಳಗೆ ಕೈಯಿಟ್ಟು ಅಲುಗಿಸಬೇಕು: ಆಟವಿದ್ದರೆ ಬೇರಿಂಗ್ ಅಥವಾ ಕಿಂಗ್ ಪಿನ್ ಬುಷ್ ಸವೆದಿದೆ. ಅಕ್ಕಪಕ್ಕ ಅಲುಗಿಸಿದಾಗ ಆಟವಿದ್ದರೆ ಟೈ ರಾಡ್ ಎಂಡ್ ಸವೆದಿದೆ. ಹಿಂದಿನ ಆಕ್ಸಲಿನಿಂದ ಬರುವ ಸದ್ದು ಪೆಡಲ್ ಒತ್ತಿದಾಗಲೂ ಬಿಟ್ಟಾಗಲೂ ಬದಲಾಗುತ್ತಿದ್ದರೆ ಡಿಫರೆನ್ಷಿಯಲ್ ಗೇರುಗಳನ್ನೂ ಆಯಿಲ್ ಮಟ್ಟವನ್ನೂ, ವೇಗದೊಂದಿಗೆ ಮಾತ್ರ ಏರುತ್ತಿದ್ದರೆ ಚಕ್ರದ ಬೇರಿಂಗನ್ನೂ ನೋಡಬೇಕು.

ಪೆಟ್ರೋಲ್ ಗಾಡಿಗಳಲ್ಲಿ ಪೆಡಲ್ ಒತ್ತಿದಾಗಲೇ ಎಂಜಿನ್ ಸ್ಟಾರ್ಟ್ ಆಗುವುದರಿಂದ 12 ವೋಲ್ಟ್ ಬ್ಯಾಟರಿ, ಮೈಕ್ರೋ ಸ್ವಿಚ್ಚು, ಸೊಲೆನಾಯ್ಡುಗಳ ಪರೀಕ್ಷೆ ಮೇಲೆ ಹೇಳಿದಂತೆಯೇ ನಡೆಯುತ್ತದೆ. ಎಂಜಿನ್ ಕೂಗುತ್ತಿದ್ದೂ ವೇಗ ಏರದಿದ್ದರೆ ಡ್ರೈವ್ ಬೆಲ್ಟ್ ಸವೆದಿದೆ. ಲಿಥಿಯಂ ಬ್ಯಾಟರಿಯ ಗಾಡಿಗಳ ವಿಷಯ ಬೇರೆ: ಅವುಗಳ ವೋಲ್ಟೇಜು ಬಹುಪಾಲು ಓಟದುದ್ದಕ್ಕೂ ಹೆಚ್ಚು ಬದಲಾಗದು, ಹೀಗಾಗಿ ಮೇಲಿನ ಅಂಕಿಗಳು ಅಲ್ಲಿ ಸಲ್ಲವು. ಮುನ್ಸೂಚನೆಯಿಲ್ಲದೆ ಗಾಡಿ ಪೂರ್ತಿ ಸತ್ತಂತಾದರೆ ಬ್ಯಾಟರಿಯೊಳಗಿನ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಎಲೆಕ್ಟ್ರಾನಿಕ್ ವ್ಯವಸ್ಥೆ) ರಕ್ಷಣೆಗಾಗಿ ಸಂಪರ್ಕ ಕಡಿದಿರಬಹುದು. ಆ ಪೆಟ್ಟಿಗೆಯನ್ನು ಬಿಚ್ಚುವ ಕೆಲಸವನ್ನು ತಯಾರಕರ ಸರ್ವಿಸ್ ಕೇಂದ್ರಕ್ಕೇ ಬಿಡಬೇಕು.

ದುರಸ್ತಿಯ ನಂತರ ಗಾಡಿಯನ್ನು ಖಾಲಿಯಾಗಿ ಒಂದು ಸುತ್ತು, ನಂತರ ಪೂರ್ತಿ ಜನರನ್ನು ಕೂರಿಸಿ ಆವರಣದ ಅತ್ಯಂತ ಕಡಿದಾದ ಏರಿನಲ್ಲಿ ಒಂದು ಸುತ್ತು ಓಡಿಸಿ, ಇಳಿಜಾರಿನಲ್ಲಿ ಬ್ರೇಕನ್ನೂ ಪಾರ್ಕಿಂಗ್ ಬ್ರೇಕನ್ನೂ ಪರೀಕ್ಷಿಸಿ, ಸೀಟು ಎತ್ತಿ ಕೈ ಹಾಕಿದ ಪ್ರತಿ ಲಗ್ಗೂ ತಣ್ಣಗಿದೆಯೇ ಎಂದು ನೋಡಿದ ಮೇಲೆಯೇ ಚಾಲಕರ ವಶಕ್ಕೆ ಒಪ್ಪಿಸಬೇಕು.